ಗಂಟುಮುಖದ ಅತ್ತೆ

ನನ್ನನ್ನು ನೋಡಲು ಬಂದ ದಿನ ಹುಡುಗನ ತಾಯಿ ಒಂದು ಮಾತೂ ಆಡಲಿಲ್ಲ. ಆಳಂದದ ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತು, ತುಟಿ ಬಿಗಿದು, ನಮ್ಮಪ್ಪನನ್ನೇ ದುರುಗುಟ್ಟಿ ನೋಡಿದರು. ಅಪ್ಪ ಪಾಪ, ಹೊಸ ಅಂಗಿ ತೊಟ್ಟು ನನ್ನ ಗುಣಗಾನ ಮಾಡುತ್ತಿದ್ದ. ಕೊಟ್ಟ ಅವಲಕ್ಕಿ ಚೂಡಾವನ್ನೂ ಹುಡುಗನ ತಾಯಿ ಮುಟ್ಟದೆ ಹೋದರು.

ಹುಡುಗ ನನಗೆ ಹಿಡಿಸಿದ್ದ, ಸುಳ್ಳು ಯಾಕೆ ಹೇಳಲಿ. ಆದರೆ ಆ ಗಂಟುಮುಖದ ಜೊತೆ ಜೀವನಪೂರ್ತಿ ರೊಟ್ಟಿ ಬಡಿಯುವುದು ಹೇಗೆ? "ಮನಿ ನೋಡಿ ಹೇಳ್ತೇನಿ" ಎಂದೆ. ಹುಡುಗಿಯೇ ಮನೆ ನೋಡಲು ಹೋಗುವುದು ನಮ್ಮಲ್ಲಿಲ್ಲ. ಆದರೆ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ನನಗೂ ಒಂದು ದನಿ ಬಂದಿತ್ತು. ಅಪ್ಪ ಕರೆದುಕೊಂಡು ಹೋದ.

ಚೌಡಾಪುರ ದಾಟಿದರೆ ಅವರ ಊರು. ಪಡಸಾಲೆಯ ಶಹಾಬಾದಿ ಪರಸಿ ಕಲ್ಲಿನ ನೆಲವನ್ನು ಆಗಷ್ಟೇ ತೊಳೆದಿದ್ದರು, ಇನ್ನೂ ಹಸಿಯಿತ್ತು. ಮನೆಗೆ ಹಿರಿಯರಾದ ಹುಡುಗನ ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮನೆತನದ ಘನತೆ ಹೇಳಲು ಶುರು ಮಾಡಿದರು.

"ಸೊನ್ನ ಬ್ಯಾರೇಜಿನ ನೀರು ನಮ್ಮ ಹೊಲಕ್ಕ ಬಂದದರಿ. ನಮ್ಮ ಮನಿತನ ಅಂದ್ರ..."

ಕುರ್ಚಿಯ ಕಾಲುಗಳು ಮೆಲ್ಲಗೆ ಹೊರಕ್ಕೆ ಜಾರತೊಡಗಿದವು. ದೊಡ್ಡಪ್ಪ ಇಳಿಯತೊಡಗಿದರು. ಮಾತು ಮಾತ್ರ ನಿಲ್ಲಲಿಲ್ಲ. "ನಾವು ಯಾರ ಮುಂದೂ ತಲಿ ತಗ್ಗಿಸಿದ ಮಂದಿ ಅಲ್ರಿ" ಅನ್ನುವ ಹೊತ್ತಿಗೆ ಅವರ ಗದ್ದ ಟೀಪಾಯಿಯ ಮಟ್ಟಕ್ಕೆ ಬಂದಿತ್ತು.

ಯಾರೂ ನಗಲಿಲ್ಲ. ನಾನು ಹೊಟ್ಟೆ ಬಿಗಿಹಿಡಿದು ಹುಡುಗನ ತಾಯಿಯ ಕಡೆ ನೋಡಿದೆ. ಅದೇ ಬಿಗಿದ ತುಟಿ, ಅದೇ ನೆಟ್ಟ ನೋಟ. ಆದರೆ ಮೂಗಿನ ಹೊಳ್ಳೆ ಅದರುತ್ತಿತ್ತು. ಮರುಕ್ಷಣ ಎದ್ದು ಒಳಗೆ ಓಡಿದರು. ನೀರು ಕುಡಿಯುವ ನೆವ ಹೇಳಿ ನಾನೂ ಹಿಂದೆ ಹೋದೆ.

ಅಡುಗೆಮನೆಯಲ್ಲಿ ಜೋಳದ ಚೀಲಕ್ಕೆ ಆತು ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಕಣ್ಣಲ್ಲಿ ನೀರು. ನಾನೂ ನಗು ತಡೆಯಲಾಗದೆ ಪಕ್ಕದಲ್ಲಿ ಕುಸಿದೆ.

"ಹಿರೇರು ಮಾತಾಡಾಕತ್ರ ನನಗ ನಗು ತಡಿಯೂದಿಲ್ಲ ಯವ್ವಾ. ನಿಮ್ಮ ಮನ್ಯಾಗೂ ಇದೇ ಹಣೇಬರಾ. ನಿಮ್ಮಪ್ಪನ ಹೊಸ ಅಂಗಿ ಮ್ಯಾಲ ಸೈಜಿನ ಚೀಟಿ ಹಂಗೇ ಇತ್ತು. ನಲವತ್ತೆರಡು, ನಲವತ್ತೆರಡು, ಎದಿಯಿಂದ ಹೊಟ್ಟಿತನಕ. ಚೂಡಾ ಬಾಯಾಗ ಇಟ್ಟಿದ್ರ ಎಲ್ಲಾರ ಮ್ಯಾಲ ಸಿಡೀತಿತ್ತು."

ಅವರ ಮುಖವನ್ನೇ ಕದ್ದು ನೋಡುತ್ತಾ ಕೂತಿದ್ದ ನಾನು ಅದನ್ನು ಕಂಡೇ ಇರಲಿಲ್ಲ.

"ನಾ ನಿಮಗ ಅಂಜಿದ್ದೆರಿ."

"ನಾನೇ ನಿನಗ ಅಂಜಿದ್ದೆ. ಒಂದು ಹಲ್ಲು ಕಾಣಿಸಲಿಲ್ಲ ನೀ. ಈ ಟೀಚರ್ ಬಂದ್ರ ನಮ್ಮ ಮನ್ಯಾಗ ನಗೂದು ಬಂದ್ ಆಗ್ತದ, ಬ್ಯಾಡಪ್ಪಾ ಅಂತ ಮಗಗ ಹೇಳಿಬಿಟ್ಟಿದ್ದೆ. ಇವತ್ತ ಚಾ ಕುಡಿಸಿ ಕಳಸೂದಿತ್ತು."

ನಾನು ನಗು ನಿಲ್ಲಿಸಿ ಅವರ ಕಡೆ ತಿರುಗಿದೆ. "ಈಗರಿ?"

"ಈಗ ಇಂಥ ಮಾರಿ ತಗೊಂಡು ಹೊರಗ ಹೆಂಗ ಹೋಗೂದು, ಅದನ್ನ ಹೇಳು."

ಕೆಂಪು ಕಣ್ಣಲ್ಲಿ ಇಬ್ಬರೂ ಹೊರಗೆ ಬಂದೆವು. ದೊಡ್ಡಪ್ಪ ಮಂಚಕ್ಕೆ ಸ್ಥಳಾಂತರಗೊಂಡಿದ್ದರು. ಅಪ್ಪ ಗಾಬರಿಯಿಂದ ಎದ್ದು ನಿಂತ.

"ಏನವ್ವಾ ತಂಗಿ, ಒಪ್ಪಿಗಿ ಅದನೋ ಇಲ್ಲೋ?" ದೊಡ್ಡಪ್ಪ ಕೇಳಿದರು.

ಬಾಯಿ ಬಿಟ್ಟರೆ ಕೆಟ್ಟೆ. ತುಟಿ ಬಿಗಿದು ತಲೆಯಾಡಿಸಿದೆ. ಪಕ್ಕದಲ್ಲಿ ಅವರೂ ಗಂಭೀರವಾಗಿ ತಲೆಯಾಡಿಸಿದರು.

ನಾನು ಅಳುತ್ತಾ ಒಪ್ಪಿಕೊಂಡೆ ಎಂದೇ ಎರಡೂ ಮನೆಯವರು ಇವತ್ತಿಗೂ ಹೇಳುತ್ತಾರೆ. ಬೀಗಿತಿ ಬಹಳ ಕಡಕ್ ಎಂದು ನಮ್ಮವ್ವ ಮರುಗುತ್ತಾಳೆ. ಅವಳು ಹಾಗೆ ಮರುಗತೊಡಗಿದರೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಸ್ವಲ್ಪ ಹೊತ್ತು ತಡೆದು ನಾನೂ ಹೋಗುತ್ತೇನೆ.