ಅಕ್ಕನ ಹೆಸರಿನ ಚಿಟಿಕೆ ರಾಗಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಬೀಸುವ ಕಲ್ಲಿನ ಪಕ್ಕ ಒಂದು ಪುಟ್ಟ ಮಣ್ಣಿನ ಗಡಿಗೆ ಇರುತ್ತಿತ್ತು. ಅವ್ವ ಬೆಳಿಗ್ಗೆ ಕಲ್ಲಿಗೆ ರಾಗಿ ಸುರಿಯುವ ಮೊದಲು ಮನೆಯವರನ್ನೆಲ್ಲ ಹೆಸರು ಹಿಡಿದು ನೆನೆದು, "ಕರ್ತನೇ, ಕಾಪಾಡಪ್ಪಾ" ಎಂದು ಒಬ್ಬೊಬ್ಬರಿಗೆ ಒಂದೊಂದು ಚಿಟಿಕೆ ರಾಗಿಯನ್ನು ಅದಕ್ಕೆ ಹಾಕುತ್ತಿದ್ದಳು. ತೀರಿಹೋದ ಅಜ್ಜಿಗೂ ಒಂದು ಚಿಟಿಕೆ ಇತ್ತು. ಅದನ್ನು ಹಾಕುವಾಗ ಮಾತ್ರ "ಅವರನ್ನು ನಮಗೆ ಕೊಟ್ಟಿದ್ದಕ್ಕೆ ವಂದನೆ" ಎನ್ನುತ್ತಿದ್ದಳು. ಭಾನುವಾರ ಗಡಿಗೆ ಪ್ರಾರ್ಥನೆಯ ಮನೆಗೆ ಹೋಗುತ್ತಿತ್ತು. ಊರಲ್ಲಿ ಯಾರ ಮನೆಯ ಒಲೆ ಹೊತ್ತಿಲ್ಲವೋ ಅವರಿಗೆ ಆ ರಾಗಿ.

ನನಗೆ ಏಳು ವರ್ಷ ತುಂಬಿದಾಗ ಚಿಟಿಕೆ ಹಾಕುವ ಕೆಲಸ ನನ್ನದಾಯಿತು. ನನ್ನ ಜಂಬ ಕೇಳಬೇಡಿ!

ನಮ್ಮದು ನನ್ನಿವಾಳದ ಕಡೆಯ ಊರು. ಅಪ್ಪ ಕಂಬಳಿ ನೇಯುತ್ತಿದ್ದ, ಅಕ್ಕ ಉಣ್ಣೆ ನೂಲುತ್ತಿದ್ದಳು. ಒಂದು ದಿನ ಅಕ್ಕ ಪಕ್ಕದ ಮನೆಯವರ ಜೊತೆ ನಡೆದು ಚಳ್ಳಕೆರೆ ಸಂತೆಗೆ ಹೊರಟಳು. ನಾನೂ ಬರುತ್ತೇನೆಂದು ಹಟ ಹಿಡಿದೆ.

"ಅರ್ಧ ದಾರಿಗೇ ಎತ್ಕೋ ಅಂತ ಅಳ್ತೀಯ. ಮನೇಲಿ ಬಿದ್ದಿರು" ಎಂದು ಅಕ್ಕ ನನ್ನ ಜಡೆ ಎಳೆದು ಹೋದಳು.

ನನಗೆ ಮೈಯೆಲ್ಲ ಉರಿಯಿತು. ಗಡಿಗೆಯ ಮುಂದೆ ಕುಳಿತು ಅಪ್ಪ, ಅವ್ವ, ಅಜ್ಜಿ, ನಾನು ಎಂದು ಚಿಟಿಕೆ ಹಾಕಿದೆ. ಅಕ್ಕನ ಪಾಲಿನ ರಾಗಿಯನ್ನು ಬೇಕೆಂದೇ ಕೋಳಿಗೆ ಎಸೆದೆ. ಕೋಳಿ ಸಂತೋಷವಾಗಿ ತಿಂದಿತು.

ಮಧ್ಯಾಹ್ನ ಆಕಾಶ ಕಪ್ಪಾಗಿ, ಒಣಗಿದ ನೆಲದಿಂದ ಬಿಸಿ ಮಣ್ಣಿನ ವಾಸನೆ ಎದ್ದಿತು. ನೋಡನೋಡುತ್ತಿದ್ದಂತೆ ಮಳೆ ಹೊಡೆಯಿತು. ಸಂಜೆಯ ಹೊತ್ತಿಗೆ ಯಾರೋ ಓಡಿಬಂದು, ಹಳ್ಳ ತುಂಬಿ ಹರಿಯುತ್ತಿದೆ, ಸಂತೆಗೆ ಹೋದವರು ಇನ್ನೂ ಬಂದಿಲ್ಲ ಎಂದರು. ಅಪ್ಪ ತಲೆಯ ಮೇಲೆ ಕಂಬಳಿ ಹಾಕಿಕೊಂಡು ಹಳ್ಳದ ಕಡೆ ಓಡಿದ. ಚಿಟಿಕೆ ಹಾಕದೆ ಅಕ್ಕನನ್ನು ನಾನೇ ಕಳೆದುಬಿಟ್ಟೆ ಎಂದುಕೊಂಡು, ಅಳುತ್ತಾ ಅವ್ವನಿಗೆ ಎಲ್ಲ ಹೇಳಿಬಿಟ್ಟೆ.

ಅವ್ವ ಬೈಯಲಿಲ್ಲ, ಮುದ್ದೂ ಮಾಡಲಿಲ್ಲ. "ದೇವ್ರೇನು ನಿನ್ ಚಿಟಿಕೆ ರಾಗಿಗೆ ಬಾಯ್ ಬಿಟ್ಕೊಂಡು ಕುಂತವ್ನಾ? ಕಾಯೋದು ಆತನ ಕೆಲ್ಸ, ಕಾಯ್ತಾನೆ. ನೆನೆಸ್ಕೊಳ್ಳೋದು ನಮ್ ಕೆಲ್ಸ. ಅದನ್ನ ನೀನು ಮಾಡಿಲ್ಲ. ಈಗ ಮಾಡು, ನಡಿ" ಎಂದಳು.

ನಾನು ರಾಗಿ ಹಿಡಿದು ಕುಳಿತೆ. ಅಕ್ಕನ ಹೆಸರು ಹೇಳಿ, "ಕರ್ತನೇ, ಕಾಪಾಡಪ್ಪಾ" ಎಂದೆ. ಚಿಟಿಕೆ ಸಾಲದೆಂದು ಒಂದು ಹಿಡಿಯನ್ನೇ ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳಿಸಿತು. ಹಳ್ಳ ಇಳಿಯುವವರೆಗೂ ಅವರೆಲ್ಲ ಆಚೆ ದಡದ ಹುಣಸೆ ಮರದ ಕೆಳಗೆ ಕಾದಿದ್ದರಂತೆ. ಅಪ್ಪನ ಬೆನ್ನ ಮೇಲೆ ಅಕ್ಕ! ಕೆಸರಲ್ಲಿ ಕಾಲು ಉಳುಕಿತ್ತು.

"ಎತ್ಕೋ ಅಂತ ಅತ್ತೋರು ಯಾರು?" ಎಂದು ನಾನು ಅಳುತ್ತಲೇ ಕೇಳಿದೆ. ಅಕ್ಕ ನಗುತ್ತಾ ಮಡಿಲಿನಿಂದ ನೆಂದು ಮುದ್ದೆಯಾದ ಬೆಂಡು ಬತ್ತಾಸು ತೆಗೆದು ನನ್ನ ಬಾಯಿಗೆ ತುರುಕಿದಳು. ಇಂದಿಗೂ ಅಷ್ಟು ಸಿಹಿಯಾದದ್ದನ್ನು ನಾನು ತಿಂದಿಲ್ಲ.

ಅಂದೇ ಅವ್ವ ನಮ್ಮ ಮನೆಗೊಂದು ಕಟ್ಟಳೆ ಮಾಡಿದಳು. "ಯಾರ ಮೇಲೆ ಸಿಟ್ಟು ಐತೋ, ಮೊದಲ್ನೇ ಚಿಟಿಕೆ ಅವರ್ದು."

ಮಕ್ಕಳೇ, ನಿಮ್ಮ ಕಾಲಕ್ಕೆ ಆ ಹಳ್ಳಕ್ಕೆ ಸೇತುವೆ ಬಂದಿದೆ. ಚಳ್ಳಕೆರೆಗೆ ಬಸ್ಸಿದೆ, ರಾಗಿಯನ್ನು ಗಿರಣಿ ಬೀಸುತ್ತದೆ. ಆದರೆ ಗಿರಣಿಗೆ ಕಳಿಸುವ ಮುಂಚೆ ನಾನು ಡಬ್ಬದ ಹತ್ತಿರ ಏನು ಗೊಣಗುತ್ತೇನೆಂದು ನೀವು ಕೇಳುತ್ತಿದ್ದಿರಲ್ಲ, ಇದೇ ಅದು. ಅಕ್ಕ ಈಗಿಲ್ಲ. ಅವಳ ಚಿಟಿಕೆ ಹಾಕುವಾಗ ಈಗ "ವಂದನೆ" ಎನ್ನುತ್ತೇನೆ.

ಇವತ್ತು ಮೊದಲ ಚಿಟಿಕೆ ಯಾರದ್ದು ಗೊತ್ತೇ? ನನ್ನ ಕನ್ನಡಕ ಮುರಿದು ಹಾಸಿಗೆಯ ಕೆಳಗೆ ಬಚ್ಚಿಟ್ಟವನದು. ಹೆಸರು ನಾನು ಹೇಳುವುದಿಲ್ಲ. ದೇವರಿಗೆ ಹೇಳಿದ್ದೇನೆ.