ಜಪಾನಿ ಹಾಡು ಕೇಳಿ ಓಡಿ ಬಂದವರು

ಎರಡು ವರ್ಷದ ಹಿಂದಿನ ಫೆಬ್ರವರಿ ತಿಂಗಳು. ನನಗೆ ಥೈರಾಯ್ಡ್ ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಗಂಟು ಹೋಗಿತ್ತು, ಅದರ ಹಿಂದೆಯೇ ದನಿಯೂ ಹೋಗಿತ್ತು. ಬಾಯಿ ತೆರೆದರೆ ರಬ್ಬರ್ ಸವೆದ ಕುಕ್ಕರಿನ ಹಾಗೆ ಬರೀ ಗಾಳಿ ಹೊರಡುತ್ತಿತ್ತು. "ದನಿಯ ನರ ಸೋತಿದೆ. ಸರಿಹೋಗಬಹುದು, ಹೋಗದೆಯೂ ಇರಬಹುದು. ಸ್ವರ ಎಳೆದು ಅಭ್ಯಾಸ ಮಾಡುತ್ತಿರಿ" ಎಂದಿದ್ದರು ಡಾಕ್ಟರು.

ಬೇರೆ ಕೆಲಸದವರಾದರೆ ಹೇಗೋ ನಡೆಯುತ್ತಿತ್ತು. ನಾನು ಒಂದನೇ, ಎರಡನೇ ಕ್ಲಾಸಿನ ಟೀಚರು. ಇಡಗುಂದಿಯಿಂದ ಒಳಗೆ ಕಾಡುದಾರಿಯಲ್ಲಿ ಹೋದರೆ ಸಿಗುವ ಸಣ್ಣ ಶಾಲೆ. ಮಕ್ಕಳು ಮೊದಮೊದಲು "ಅಕ್ಕೋರೆ, ಕೇಳ್ತಿಲ್ಲೆ" ಎನ್ನುತ್ತಿದ್ದರು. ಆಮೇಲೆ ಹೇಳುವುದನ್ನೂ ಬಿಟ್ಟು ತಮ್ಮಷ್ಟಕ್ಕೆ ಆಡಿಕೊಳ್ಳತೊಡಗಿದರು. ಅದೇ ನನಗೆ ಹೆಚ್ಚು ನೋವಾಗಿದ್ದು. ಒಂದು ದಿನ ಹೆಡ್‌ಮಾಸ್ತರು ಮೆತ್ತಗೆ, "ಬೇಜಾರ್ ಮಾಡ್ಕಬೇಡಿ ಅಕ್ಕೋರೆ. ಯಲ್ಲಾಪುರದಲ್ಲಿ ಆಫೀಸ್ ಕೆಲಸಕ್ಕೆ ಹಾಕಿ ಅಂತ ಒಂದು ಅರ್ಜಿ ಕೊಟ್ರೆ ನಾನೂ ಮಾತಾಡ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೂ ಆ ರಾತ್ರಿ ಊಟ ಸೇರಲಿಲ್ಲ.

ಆ ದಿನಗಳಲ್ಲಿ ನನ್ನ ಜೊತೆಗಿದ್ದದ್ದು ಜಪಾನಿನ ಒಬ್ಬ ಹಾಡುಗಾರ. ಶಿರಸಿಯಲ್ಲಿ ಕಾಲೇಜು ಓದುವ ನನ್ನ ಅಣ್ಣನ ಮಗಳು ಸಿಂಧು ನೋಡಲು ಬಂದವಳು, ಎಲ್ಲರಂತೆ ಕಷಾಯದ ಸಲಹೆ ಕೊಡದೆ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿದಳು. "ಅತ್ತಿ, ಈತನ್ನ ಕೇಳ್ರಿ. ತಾನೇ ಬರಿತಾನ, ತಾನೇ ಹಾಡ್ತಾನ. ಗಂಟಲ ಹರಿದ್ರೂ ಬಿಡೂದಿಲ್ಲ ನೋಡ್ರಿ" ಎಂದಳು. ನಿಜವೇ. ಮೇಲಿನ ಸ್ವರಕ್ಕೆ ಹೋದಾಗ ಅವನ ದನಿ ಒಡೆಯುತ್ತಿತ್ತು, ಅವನು ಅದನ್ನು ಮುಚ್ಚಿಡದೆ ಒಡೆದ ದನಿಯಲ್ಲೇ ಮುಂದುವರಿಯುತ್ತಿದ್ದ. ನನಗೆ ಅವನು ಇಷ್ಟವಾಗಿದ್ದೇ ಅದಕ್ಕೆ.

ಮೂರು ಹಾಡು ನನಗೆ ಪ್ರಾಣ. ಒಂದರಲ್ಲಿ, ಎಲ್ಲದರಲ್ಲೂ ಸೋತವನೊಬ್ಬ ಮರುದಿನ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಾನೆ, ಅಷ್ಟೇ ಕತೆ. ಇನ್ನೊಂದು ಅಮ್ಮನಿಗೆ ಫೋನ್ ಮಾಡಲು ಹಿಂಜರಿಯುವವನ ಹಾಡು. ಅರ್ಥ ಹುಡುಕಿ ಹೇಳಿದವಳು ಸಿಂಧು. ಮೂರನೆಯದರ ಕೊನೆಗೆ ಮಾತೇ ಇಲ್ಲ, "ಓ..." ಎಂದು ಉಸಿರಿರುವಷ್ಟೂ ಎಳೆಯುವ ಒಂದು ಕೂಗು. ಡಾಕ್ಟರು ಹೇಳಿದ ಅಭ್ಯಾಸಕ್ಕೆ ಇದೇ ಸಾಕೆಂದು ಇಯರ್‌ಫೋನ್ ಹಾಕಿಕೊಂಡು ಸ್ಕೂಟಿಯಲ್ಲಿ ಹೆಲ್ಮೆಟ್ಟಿನೊಳಗೆ ದಿನಾ ಹಾಡುತ್ತಿದ್ದೆ. ಜಪಾನಿ ತಪ್ಪಿದರೆ ಕೇಳುವವರು ಯಾರು?

ಕೊನೆಗೂ ಅರ್ಜಿ ಬರೆದೆ. ಅದನ್ನು ಕೊಡಬೇಕೆಂದುಕೊಂಡ ದಿನ ಶನಿವಾರ, ಬೆಳಗಿನ ಶಾಲೆ. ಏಳೂವರೆಗೆ ಕಾಡಿನ ತಿರುವಿನಲ್ಲಿ ಹೋಗುತ್ತಿದ್ದಾಗ ದುಃಖ ಉಕ್ಕಿ ಬಂತು. ಸ್ಕೂಟಿ ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಇನ್ನು ಈ ದಾರಿಯಲ್ಲಿ ಬರುವುದಿಲ್ಲವಲ್ಲ, ಒಂದು ಸಲ ಬಾಯಿಬಿಟ್ಟು ಹಾಡಿಬಿಡೋಣ ಅನ್ನಿಸಿತು. ಮೂರನೇ ಹಾಡಿನ ಆ ಕೂಗನ್ನು ಹೊಟ್ಟೆಯಿಂದ ಎತ್ತಿ ಎಳೆದೆ. ಎರಡು ಸಲ ನಡುವೆಯೇ ಒಡೆಯಿತು. ಸಿಟ್ಟಿನಿಂದ ಮೂರನೇ ಸಲ ಎಳೆದೆ.

ದೂರದಲ್ಲಿ ಎಲ್ಲೋ "ಕೂ..." ಎಂದಿತು. ಕಿವಿಯಿಂದ ಇಯರ್‌ಫೋನ್ ತೆಗೆದೆ. ಮತ್ತೊಂದು ದಿಕ್ಕಿನಿಂದಲೂ "ಕೂ..." ಕೇಳಿತು. ಯಾರೋ ತಮಾಷೆ ಮಾಡುತ್ತಿದ್ದಾರೆಂದು ನಾನೂ ಹುರುಪಿನಿಂದ ಇನ್ನೊಂದು ಸಲ ಕೂಗಿದೆ. ಬನವಾಸಿ ಕಡೆಯ ಗದ್ದೆಬಯಲಿನಲ್ಲಿ ಬೆಳೆದವಳು ನಾನು. ಕಾಡಿನ ರೀತಿ ರಿವಾಜು ನನಗೇನು ಗೊತ್ತು?

ಸ್ವಲ್ಪ ಹೊತ್ತಿಗೆ ಪೊದೆಗಳು ಅಲ್ಲಾಡಿದವು. ಮೂವರು ಹೆಂಗಸರು, ಒಬ್ಬ ಮುದುಕ ಏದುಸಿರು ಬಿಡುತ್ತ ರಸ್ತೆಗೆ ಓಡಿ ಬಂದರು. ಮುದುಕನ ಕೈಯಲ್ಲಿ ಕತ್ತಿ. ಒಬ್ಬಳ ಮೊಣಕೈ ಮುಳ್ಳು ತರಚಿ ರಕ್ತ ಬಂದಿತ್ತು. ಕೊಟ್ಟಿಗೆಗೆ ಹಾಸಲು ದರಕು, ಅಂದರೆ ಒಣಗಿದ ಎಲೆ, ಗುಡಿಸಲು ಬಂದವರು. ಇಬ್ಬನಿ ಆರಿದರೆ ಎಲೆ ಪುಡಿಯಾಗುತ್ತದೆಂದು ಬೆಳಿಗ್ಗೆಯೇ ಬಂದಿರುತ್ತಾರೆ.

ಮುಂದಿದ್ದ ಹಿರಿಯಾಕೆ, ಆಮೇಲೆ ತಿಳಿಯಿತು ಮಾದೇವಿ ಅಂತ, ನನ್ನ ಮೈಕೈ ಮುಟ್ಟಿ ನೋಡುತ್ತ ಕೇಳಿದಳು: "ಎಂತಾ ಆಯ್ತ್ರಾ ಅಕ್ಕೋರೆ? ಬಿದ್ರಾ? ಕಾಟಿ ಬಂದಿತ್ತಾ?" ಕಾಟಿ ಎಂದರೆ ಕಾಡುಕೋಣ.

"ಏನೂ ಆಗಿಲ್ರಿ" ಎಂದೆ. ನಾಚಿಕೆಯಿಂದ ನೆಲ ನೋಡುತ್ತಿದ್ದೆ. "ಹಾಡು ಹೇಳಾಕತ್ತಿದ್ದೆ. ಜಪಾನಿ ಹಾಡು."

ನಾಲ್ವರೂ ಮುಖ ಮುಖ ನೋಡಿಕೊಂಡರು. ಮುದುಕ ಕತ್ತಿ ಕೆಳಗಿಟ್ಟು ಉಸ್ಸೆಂದು ಕುಳಿತ. ಮಾದೇವಿಗೆ ಸಿಟ್ಟು ಬಂತು.

"ಹೆದ್ರಿ ಸತ್ವಿ ಮಾರಾಯ್ರೆ. ಕಾಡಲ್ಲಿ ಒಂದ್ ಕೂ ಹಾಕಿದ್ರೆ, ಎಲ್ಲಿದ್ದೆ ಅಂತ ಕೇಳ್ದಂಗೆ. ಬಿಡದೆ ಮೂರ್ ಸಲ ಹಾಕಿದ್ರೆ ಯಾರ್ದೋ ಜೀವಕ್ಕೆ ಬಂತು ಅಂತ. ನಾವು ಓಗೊಟ್ಟ ಮೇಲೂ ಮತ್ತೆ ಹಾಕಿದ್ರಲ್ಲ. ಬುಟ್ಟಿ ಅಲ್ಲೇ ಒಗ್ದು ಬಂದ್ವಿ."

ತಪ್ಪಾಯಿತೆಂದೆ. ಮಾತಿಗೆಂದು, "ನೀವು ಎಲ್ಲಿದ್ರಿ?" ಎಂದು ಕೇಳಿದೆ. ಆಕೆ ಕೈ ತೋರಿಸಿದ್ದು ಕೆಳಗಿನ ಹಳ್ಳವನ್ನೂ ದಾಟಿ, ಆಚೆಯ ಗುಡ್ಡದ ನೆತ್ತಿಯತ್ತ. ನಾನು ಆ ಗುಡ್ಡವನ್ನೇ ನೋಡಿದೆ.

"ಅಲ್ಲೀತನಕ ಕೇಳ್ತಾ? ನನ್ನ ದನಿ?"

"ಕೇಳ್ದೆ ಓಡಿ ಬಂದ್ವಾ ಮತ್ತೆ?"

ನನಗೆ ಅಳು ತಡೆಯಲಾಗಲಿಲ್ಲ. ಎರಡನೇ ಬೆಂಚಿಗೆ ಮುಟ್ಟದ ದನಿ ಅದು. ಆಪರೇಷನ್, ಮಕ್ಕಳು, ಚೀಲದಲ್ಲಿದ್ದ ಅರ್ಜಿ, ಎಲ್ಲವನ್ನೂ ಗುರುತು ಪರಿಚಯವಿಲ್ಲದ ಆ ಜನರಿಗೆ ಹೇಳಿಬಿಟ್ಟೆ. ಮಾದೇವಿ ಸೆರಗಿನಿಂದ ನನ್ನ ಮುಖ ಒರೆಸಿ, "ಗಂಟ್ಲು ಸತ್ತಿಲ್ಲೆ ಹಂಗಾರೆ. ಹೆದ್ರಿಕೆಗೆ ಒಳಗೇ ಕೂತಿದ್ದು. ಎಲ್ಲಿ, ಇಷ್ಟು ದೂರ ಓಡಿಸಿದ್ದಕ್ಕೆ ಆ ಪದ ಪೂರ್ತಿ ಹೇಳಿ" ಎಂದು ರಸ್ತೆ ಬದಿಗೆ ಕುಳಿತೇಬಿಟ್ಟಳು.

ಹಾಡಿದೆ. ಅರ್ಧ ಜಪಾನಿ, ಅರ್ಧ ನನ್ನದೇ ಸೃಷ್ಟಿ. ನಡುವೆ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಯಾರೂ ನಗಲಿಲ್ಲ. ಮುದುಕ ಕವಳದ ಸಂಚಿ ಬಿಚ್ಚಿದವನು ಎಲೆಗೆ ಸುಣ್ಣ ಹಚ್ಚುವುದನ್ನು ಮರೆತು ಕುಳಿತಿದ್ದ. ಮುಗಿದ ಮೇಲೆ ಮಾದೇವಿ, "ಆ ಪದ ಕಟ್ಟಿದವ ಯಾರನ್ನೋ ಕರೀತಾ ಇದ್ದ ಪಾಪ. ಅವ್ರು ಬಂದ್ರಾ?" ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ.

ಶಾಲೆಗೆ ಅರ್ಧ ಗಂಟೆ ತಡವಾಯಿತು. ಹೆಡ್‌ಮಾಸ್ತರಿಗೆ ಅರ್ಜಿ ಕೊಡಲಿಲ್ಲ, ಇನ್ನು ಮೂರು ತಿಂಗಳು ನೋಡುತ್ತೇನೆ ಎಂದೆ. ಸರಿ ಎಂದರು. ಆ ದಿನ ಹಾಜರಿಯನ್ನು ಮಾದೇವಿ ಹೇಳಿದಂತೆ ಹೆದರದೆ, ಒಡೆದರೆ ಒಡೆಯಲಿ ಎಂದು ಕೂಗಿದೆ. ಮಕ್ಕಳು ಆಟ ಬಿಟ್ಟು ನನ್ನ ಕಡೆ ತಿರುಗಿದರು.

ದನಿ ಪೂರ್ತಿ ಮೊದಲಿನಂತಾಗಿಲ್ಲ. ಮಧ್ಯಾಹ್ನದ ಮೇಲೆ ಕರಕರ ಎನ್ನುತ್ತದೆ. ಆದರೂ ಅದೇ ಶಾಲೆಯಲ್ಲಿದ್ದೇನೆ, ಅದೇ ಕ್ಲಾಸಿನಲ್ಲಿ. ಯಾರಿಗೂ ಕೇಳಿಸದವಳಾದೆ ಎಂದು ಐದು ತಿಂಗಳು ಅತ್ತವಳಿಗಾಗಿ, ಅಲ್ಲಿಯವರೆಗೆ ಹೆಸರೂ ಗೊತ್ತಿರದ ನಾಲ್ವರು ಕೈಯ ಕೆಲಸ ಬಿಟ್ಟು ಹಳ್ಳ ದಾಟಿ ಓಡಿ ಬಂದರಲ್ಲ, ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ. ಈಗ ಆ ದಾರಿಯಲ್ಲಿ ಎಲ್ಲಿಂದಲಾದರೂ ಕೂ ಕೇಳಿದರೆ ನಾನೂ ಸ್ಕೂಟಿ ನಿಲ್ಲಿಸುತ್ತೇನೆ. ಹೆಚ್ಚಿನ ಸಲ ಯಾರೋ ದನ ಹುಡುಕುತ್ತಿರುತ್ತಾರೆ. ಆದರೂ ಹೆಲ್ಮೆಟ್ ತೆಗೆದು, ಇಲ್ಲಿದ್ದೇನೆ ಎಂದು ಒಂದು ಕೂ ಹಾಕಿಯೇ ಮುಂದೆ ಹೋಗುತ್ತೇನೆ.