ಕುಂಕುಮ ಹಚ್ಚಿಸಿಕೊಂಡ ಕೆಂಪು ದೀಪ

ಮೊನ್ನೆ ನಮ್ಮ ಮನೆಯ ಮುಂದೆ ಹೊಸ ಕಾರಿನ ಪೂಜೆ ನಡೆಯಿತು. ನನ್ನ ಬಾಳಿನ ಮೊದಲ ಕಾರು, ಅದೂ ಮಂಡಿನೋವು ಶುರುವಾದ ಮೇಲೆ ಬಂದದ್ದು. ಹೆಂಡತಿ ನಾಲ್ಕೂ ಗಾಲಿಗೆ, ಬಾನೆಟ್ಟಿಗೆ, ಸ್ಟೇರಿಂಗಿಗೆ ಕುಂಕುಮ ಹಚ್ಚಿದಳು. ನಾನು ಕೀಲಿ ತಿರುವಿದೆ. ಸ್ಟೇರಿಂಗಿನ ಹಿಂದಿನ ಗಾಜಿನೊಳಗೆ ಎಣ್ಣೆ ಗಿಂಡಿಯ ಆಕಾರದ ಪುಟ್ಟ ಕೆಂಪು ದೀಪ ಹತ್ತಿತು. "ಅಯ್ಯ, ಎಷ್ಟ ಚಂದ ಐತ್ರಿ ಇದು" ಎನ್ನುತ್ತ ಅವಳು ಕುಂಕುಮದ ಬೆರಳನ್ನು ಅಲ್ಲಿಗೇ ಒಯ್ದಳು. "ಅದಕ್ಕೊಂದು ಬ್ಯಾಡ!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು.

ಹಾಗೆ ಕಿರುಚಿದವನು ಕಾರಣ ಹೇಳಬೇಕಲ್ಲ? ಹೆಂಡತಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಸೂಪಾದಲ್ಲಿ ಆಣೆಕಟ್ಟು ಏಳುತ್ತಿದ್ದ ಕಾಲ. ಕೆಲಸಕ್ಕೆಂದು ಬಂದು ಗಣೇಶಗುಡಿಯಲ್ಲಿದ್ದ ಒಬ್ಬ ಪರದೇಶಿ ಸಾಹೇಬ ಊರಿಗೆ ಹೊರಟಾಗ ತನ್ನ ಮೋಟಾರ್ ಸೈಕಲ್ಲನ್ನು, ನಮ್ಮ ಕಡೆಯ ಮಾತಿನಲ್ಲಿ ಫಟಫಟಿಯನ್ನು, ಮಾರಿದ. ಕೊಂಡವನು ಹಳಿಯಾಳದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ನಮ್ಮ ಕಾಕಾ. ಕಾಕಾನಿಗೆ ಅದನ್ನು ಓಡಿಸಲು ಬರುತ್ತಿರಲಿಲ್ಲ. ಅದಕ್ಕೆ ನಾನಿದ್ದೆ. ಧಾರವಾಡದಲ್ಲಿ ಒಂದು ವರ್ಷ ಬಿ.ಎಸ್ಸಿ. ಓದಿ, ಫಿಜಿಕ್ಸಿನಲ್ಲಿ ನಪಾಸಾಗಿ, ಅಂಗಡಿಯಲ್ಲಿ ಕೂತು ಅರಿವೆಯ ಥಾನು ಸುತ್ತುತ್ತಿದ್ದೆ. ನಪಾಸಾದರೂ ಓದಿದವನು ಓದಿದವನೇ ಎಂದು ಮನೆಯಲ್ಲಿ ನನಗೆ ಮರ್ಯಾದೆ ಇತ್ತು. ಆ ಮರ್ಯಾದೆಯೇ ಮುಂದೆ ಎಲ್ಲವನ್ನೂ ಕೆಡಿಸಿತು.

ಗಾಡಿಯ ಹಿಂದೆಯೇ ಬಸ್ತ್ಯಾಂವ್ ಬಂದ. ಹಳಿಯಾಳದ ಕಾಡಂಚಿನ ಹಳ್ಳಿಯ ಸಿದ್ದಿ ಜನದವನು, ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನು. ಸಾಹೇಬನ ಗ್ಯಾರೇಜಿನಲ್ಲಿ ಆ ಗಾಡಿಯನ್ನು ಬಿಚ್ಚಿ ಜೋಡಿಸಿ ಕಲಿತವನು. ತನ್ನ ಮಗಳ ಮದುವೆ ಮುಗಿದ ಮೇಲೆ ಅಂಗಡಿಯ ಪಕ್ಕದ ಖೋಲಿಯನ್ನು ಅವನ ಗ್ಯಾರೇಜಿಗೆ ಕೊಡುವುದಾಗಿ ಕಾಕಾ ಮಾತು ಕೊಟ್ಟಿದ್ದ. ಬಸ್ತ್ಯಾಂವ್ ಅಂದೇ ಹೋಗಿ ತಗಡಿನ ಮೇಲೆ ತನ್ನ ಹೆಸರು ಬರೆಸಿಕೊಂಡು ಬಂದ. ಬೋರ್ಡು ನಮ್ಮ ಹಿತ್ತಲಲ್ಲಿ ಗೋಡೆಗೆ ಆನಿಸಿ ಇತ್ತು.

ಗಾಡಿಯ ಹ್ಯಾಂಡಲಿನ ನಡುವೆ ಒಂದು ಕೆಂಪು ದೀಪ. ಕೆಳಗೆ ಇಂಗ್ಲಿಷಿನಲ್ಲಿ 'ಆಯಿಲ್' ಎಂದು ಬರೆದಿತ್ತು. ಊರಲ್ಲಿದ್ದ ಇನ್ನೆರಡು ಫಟಫಟಿಗಳಿಗೆ ಅಂಥ ದೀಪ ಇರಲಿಲ್ಲವಾದ್ದರಿಂದ ಕಾಕಾನಿಗೆ ಅದರ ಮೇಲೆ ವಿಪರೀತ ಪ್ರೀತಿ. ಅಂಗಡಿಯ ಮುಂದೆ ನಿಂತ ಗಾಡಿಯ ಮೇಲೆ ಕೂತು, ಬಂದ ಗಿರಾಕಿಗಳಿಗೆಲ್ಲ ಕೀಲಿ ತಿರುವಿ ತೋರಿಸುತ್ತಿದ್ದ. ತಕರಾರು ಬಂದದ್ದು ಅಲ್ಲೇ. ನಿಂತಾಗ ಉರಿಯುವ ದೀಪ, ಎಂಜಿನ್ ಶುರುವಾದ ಕೂಡಲೇ ಆರಿಬಿಡುತ್ತಿತ್ತು.

ನಮ್ಮ ಮನೆಯಲ್ಲಿ ದೀಪ ಆರಿತು ಎಂದು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಶಾಂತವಾಯಿತು ಅನ್ನಬೇಕು. ಮದುವೆ ಗೊತ್ತಾದ ಮನೆಯಲ್ಲಿ ಹೊರಡುವ ಹೊತ್ತಿಗೆ ಸರಿಯಾಗಿ ಶಾಂತವಾಗುವ ದೀಪವನ್ನು ಕಂಡು ಕಾಕಾನ ಹೆಂಡತಿ, ನಮ್ಮ ಚಿಗವ್ವ, ಎದೆಗೆ ಕೈ ಇಟ್ಟುಕೊಂಡಳು. "ಇದನ್ನ ಏರಿ ನನ್ನ ಮಗಳ ಲಗ್ನಪತ್ರ ಹಂಚಬ್ಯಾಡ್ರಿ."

ಬಸ್ತ್ಯಾಂವ್‌ನನ್ನು ಕರೆಸಿದರು. ಅವನು ಕಟ್ಟೆಯ ಕೆಳಗೇ ನಿಂತು ಹೇಳಿದ: "ಅದು ಆರಬೇಕ್ರಿ ಸಾವಕಾರ್ರ. ಆರಿದ್ರ ಎಂಜಿನ್ನಾಗ ಎಣ್ಣಿ ತಿರಗಾಕತ್ತೈತಿ ಅಂತ ಲೆಕ್ಕ. ಓಡೂ ಮುಂದ ಹತ್ತಿದ್ರ ಗಾಡಿ ಅಲ್ಲೇ ನಿಂದರಸ್ರಿ. ಒಂದ ಮಾರೂ ಮುಂದ ಹೋಗಬ್ಯಾಡ್ರಿ."

ದೀಪ ಉರಿದರೆ ಕೇಡು, ಆರಿದರೆ ಕ್ಷೇಮ! ಚಿಗವ್ವ ಕಿವಿ ಮುಚ್ಚಿಕೊಂಡಳು. ಎಲ್ಲರೂ ಓದಿದವನ ಕಡೆ ತಿರುಗಿದರು. ಓದಿದವನು ಗಂಟಲು ಸರಿ ಮಾಡಿಕೊಂಡು, "ಆಯಿಲ್ ಅಂತ ಬರದೈತಿ. ಆಯಿಲ್ ಇದ್ರ ಹತ್ತತೈತಿ, ಇಲ್ಲಂದ್ರ ಆರತೈತಿ. ಎಣ್ಣಿ ಕಡಿಮಿ ಬಿದ್ದೈತಿ" ಎಂದು ತೀರ್ಪು ಕೊಟ್ಟ. ಬಸ್ತ್ಯಾಂವ್ ಏನೋ ಹೇಳಹೋದ. "ನಿನಗ ಇಂಗ್ಲಿಷ್ ಓದಾಕ ಬರತೈತೇನಲೇ?" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ನನಗೆ ಬಹಳ ಸಂತೋಷವಾಯಿತು.

ಅಲ್ಲಿಂದ ದೀಪ ಉರಿಯಲೆಂದು ಎಣ್ಣೆ ಸುರಿಯುವ ಕಾರ್ಯಕ್ರಮ. ಒಂದು ಡಬ್ಬಿ ಸುರಿದೆವು, ಉರಿಯಲಿಲ್ಲ. ಎರಡು ಸುರಿದೆವು, ಗಾಡಿ ಎಲ್ಲೆಲ್ಲಿಂದಲೋ ಎಣ್ಣೆ ಕಾರಿ ಕಾಕಾನ ಬಿಳಿ ಧೋತರ ಕಪ್ಪಾಯಿತು. ಹೆಚ್ಚಾದದ್ದನ್ನು ನಾಳೆ ಬಂದು ತಾನೇ ಇಳಿಸುತ್ತೇನೆಂದು ಬಸ್ತ್ಯಾಂವ್ ಹೇಳಿ ಕಳಿಸಿದ. ಅವನಿಗೇಕೆ ಕಾಯಬೇಕು? ನಾನೇ ಎಂಜಿನ್ನಿನ ಕೆಳಗಿನ ಬೋಲ್ಟು ಬಿಚ್ಚಿ ಒಂದಿಷ್ಟು ಇಳಿಸಿದೆ. ಮತ್ತೆ ಬಿಗಿಯುವ ಹೊತ್ತಿಗೆ ಬೋಲ್ಟು ತಿರುವುವ ಪಾನಾ ಎಲ್ಲೋ ಕಳೆದಿತ್ತು, ಬೆರಳಿನಿಂದಲೇ ಬಿಗಿದೆ.

ಮರುದಿನ ಬೆಳಿಗ್ಗೆ ಲಗ್ನಪತ್ರಗಳ ಚೀಲ, ಅಕ್ಕಿ, ಕುಂಕುಮದ ಭರಣಿ, ದಾಂಡೇಲಿಯ ಹಿರಿಯರಿಗೆಂದು ಒಂದು ತೆಂಗಿನಕಾಯಿ ಹಿಡಿದು ಕಾಕಾ ನನ್ನ ಹಿಂದೆ ಕೂತ. ದಾಂಡೇಲಿಯ ಹಿರಿಯರು ಮನೆಯಲ್ಲಿರಲಿಲ್ಲ, ಕಾಯಿ ಉಳಿಯಿತು. ಕುಳಗಿಯ ಆಚೆ ಆಣೆಕಟ್ಟಿನ ಕೆಲಸದವರ ಕಾಲನಿಯಲ್ಲಿದ್ದ ನೆಂಟರ ಕಡೆಗೆ ಹೊರಟೆವು. ಎರಡೂ ಕಡೆ ತೇಗ, ಬಿದಿರು. ಕುಳಗಿ ಇನ್ನೂ ಬಂದಿರಲಿಲ್ಲ, ದೀಪ ಮಿಣಕ್ ಎಂದಿತು, ಮತ್ತೆ ಮಿಣಕ್ ಎಂದಿತು, ಆಮೇಲೆ ಸ್ಥಿರವಾಗಿ ಉರಿಯತೊಡಗಿತು.

"ಹತ್ತಿತಲೋ!" ಎಂದು ಕಾಕಾ ನನ್ನ ಬೆನ್ನಿಗೆ ಗುದ್ದಿದ. "ನಿಂದರಸು. ಎಂಜಿನ್ ಬಂದ್ ಮಾಡಬ್ಯಾಡ, ಮತ್ತ ಶಾಂತ ಆದೀತು!" ಗಾಡಿ ಗಡಗಡ ಅನ್ನುತ್ತಿರುವಾಗಲೇ ಇಳಿದು ದೀಪದ ಗಾಜಿಗೆ ಕುಂಕುಮ ಹಚ್ಚಿದ, ರಸ್ತೆಯ ಕಲ್ಲಿಗೆ ಕಾಯಿ ಒಡೆದ, ಕೈಮುಗಿದ. ನಾನೂ ಮುಗಿದೆ. ನನ್ನ ಫಿಜಿಕ್ಸ್ ಗೆದ್ದಿತ್ತು. ಇಷ್ಟು ಹೊತ್ತೂ ಎಂಜಿನ್ನಿನ ಕೊನೆಯ ಎಣ್ಣೆ ನಮ್ಮ ಕಾಲ ಕೆಳಗೇ ಮಣ್ಣಿಗೆ ಇಳಿಯುತ್ತಿತ್ತು. ಕೆಳಗೆ ನೋಡುವ ಅಭ್ಯಾಸ ನಮ್ಮ ಮನೆತನದಲ್ಲಿ ಇರಲಿಲ್ಲ.

ಕೊಬ್ಬರಿ ತಿನ್ನುತ್ತ ಇನ್ನೆರಡು ಮೈಲು ಹೋಗಿರಬಹುದು. ಕರಕ್ ಎಂದು ಎಂಜಿನ್ ಕಚ್ಚಿಕೊಂಡು ಹಿಂದಿನ ಗಾಲಿ ಹಿಡಿದುಕೊಂಡಿತು. ಲಗ್ನಪತ್ರಗಳು ಬಿದಿರು ಮೆಳೆಯ ತುಂಬ ಹಾರಿದವು, ಕಾಕಾ ಅವುಗಳ ಹಿಂದೆ ಹಾರಿದ. ಪುಣ್ಯಕ್ಕೆ ಮೊಣಕಾಲು ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಕಟ್ಟಿಗೆ ಲಾರಿಯವನೊಬ್ಬನ ಕೈಯಲ್ಲಿ ಹೇಳಿ ಕಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಬಸ್ತ್ಯಾಂವ್ ಇನ್ನೊಂದು ಲಾರಿ ಏರಿ ಬಂದ. ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಎದ್ದು ಕೇಳಿದ್ದು ಒಂದೇ ಮಾತು: "ದೀಪಾ ಹತ್ತಿತ್ತೇನ್ರಿ ಸಾವಕಾರ್ರ?"

"ಇಲ್ಲ" ಎಂದ ಕಾಕಾ. ಕೇಡಿಗೆ ಕಾಯಿ ಒಡೆದೆ ಎಂದು ಯಾವ ಸಾಹುಕಾರ ಒಪ್ಪುತ್ತಾನೆ?

ಬಸ್ತ್ಯಾಂವ್ ನನ್ನ ಕಡೆ ತಿರುಗಿದ. "ನೀವ ಹೇಳ್ರಿ ಅಣ್ಣಾರ."

"ಇಲ್ಲ" ಎಂದೆ. ಬೋಲ್ಟಿನ ಸುದ್ದಿ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ದೀಪ ಹತ್ತದೆಯೇ ಎಂಜಿನ್ ಕೆಟ್ಟಿತೆಂದ ಮೇಲೆ ತಪ್ಪು ಗಾಡಿ ನೋಡಿಕೊಳ್ಳುವ ಮಿಸ್ತ್ರಿಯದೇ ಆಯಿತು. ಪೇಟೆಗೆಲ್ಲ ಕಾಕಾ ಹಾಗೆಯೇ ಹೇಳಿದ. ಖೋಲಿಯಲ್ಲಿ ಸುಣ್ಣದ ಚೀಲ ತುಂಬಿಸಿದ. ಬಸ್ತ್ಯಾಂವ್ ಒಂದು ದಿನ ಬಂದು ಬೋರ್ಡನ್ನು ತಲೆಯ ಮೇಲೆ ಹೊತ್ತುಕೊಂಡು ಪೇಟೆಯ ನಡುವೆ ನಡೆದುಹೋದ. ನಾನು ಅಂಗಡಿಯೊಳಗೆ ಕೂತು ಸುತ್ತಿದ ಥಾನನ್ನೇ ಮತ್ತೆ ಬಿಚ್ಚಿ ಸುತ್ತಿದೆ. ಆಮೇಲೆ ಜೀವನವಿಡೀ ಅವನು ಕಟ್ಟಿಗೆ ಡಿಪೋದ ಲಾರಿಗಳ ಕೆಳಗೆ ಮಲಗಿ ದುಡಿದ. ನಾಚಿಕೆಯಾಗುತ್ತದೆ, ಇಷ್ಟು ವರ್ಷ ಅದನ್ನು ಹೇಳಿಕೊಳ್ಳಲೂ ನಾಚಿಕೆಯಾಗಿತ್ತು.

ಪೂಜೆಯ ಮರುದಿನ ಕಾರು ತೆಗೆದುಕೊಂಡು ಅವನ ಹಳ್ಳಿಗೆ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿದೆ. ಅಂಗಳದಲ್ಲಿ ಕೋಳಿಗೂಡಿನ ಮೇಲೆ ಹೊದಿಸಿದ ತಗಡಿನಲ್ಲಿ ಅವನ ಹೆಸರಿನ ಅರ್ಧ ಇನ್ನೂ ಓದಲು ಬರುತ್ತಿತ್ತು. ಚಹಾ ಬರುವ ಮುಂಚೆಯೇ ಹೇಳಿಬಿಟ್ಟೆ. "ಬಸ್ತ್ಯಾಂವ್, ಅವತ್ತ ದೀಪಾ ಹತ್ತಿತ್ತು. ಬೋಲ್ಟ್ ಬೆರಳೀಲೆ ಬಿಗದಾಂವನೂ ನಾನ."

"ಬೋಲ್ಟ್ ಯಾರ ಬಿಗದಿದ್ರಂತ ಗೊತ್ತಿರಲಿಲ್ರಿ" ಎಂದ. "ದೀಪದ್ದು ಅವತ್ತ ಗೊತ್ತಾತು. ಗಾಜಿನ ಮ್ಯಾಲೆ ಹಸೀ ಕುಂಕುಮ ಇತ್ತಲ್ರಿ. ಆರಿದ ದೀಪಕ್ಕ ಯಾರ ಹಚ್ಚತಾರ?"

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ, ನಿಮ್ಮ ಕಟ್ಟಿ ಕೆಳಗ ನಿಂತು. ಅದನ್ನ ಕೇಳದವರು ಇದನ್ನ ಕೇಳತಿದ್ರೇನು?"

ಅವನೇ ಎದ್ದು ಕಾರಿನ ಸುತ್ತ ಒಂದು ಸುತ್ತು ಬಂದು, "ಬಾನೆಟ್ ಎತ್ರಿ, ಎಣ್ಣಿ ಎಷ್ಟೈತಿ ನೋಡೂಣು" ಎಂದ. ಹೊಚ್ಚ ಹೊಸ ಕಾರು, ಎಣ್ಣೆ ಸರಿಯಾಗಿಯೇ ಇರುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು ಬಾನೆಟ್ ಎತ್ತಿದೆ.